ಸರದಿಯಲ್ಲಿರುವ ಹರ್ನಿಯಾ: ಉಬ್ಬಿಗಿಂತ ಕಿಂಡಿ ನೋಡಿ

ಹರ್ನಿಯಾ ಅಂದರೆ ಹೊಟ್ಟೆಯ ಗೋಡೆಯ ಕಿಂಡಿಯಿಂದ ಕರುಳು ಹೊರನುಗ್ಗಿ ಕಾಣುವ ಉಬ್ಬು. ಉಬ್ಬು ದೊಡ್ಡದಾದಷ್ಟೂ ಅಪಾಯ ಹೆಚ್ಚು ಅಂತ ನಾನೂ ಬಹಳ ದಿನ ನಂಬಿದ್ದೆ. ಅದು ಹಾಗಲ್ಲ. ಕರುಳು ಹೊರಬರುವ ಕಿಂಡಿ ಅಗಲವಾಗಿದ್ದರೆ ಅದು ಸಲೀಸಾಗಿ ಹೋಗಿ ಬರುತ್ತದೆ. ಕಿಂಡಿ ಕಿರಿದಾಗಿ ಅಂಚು ಗಟ್ಟಿಯಾಗಿದ್ದರೆ ನಿಂಬೆಹಣ್ಣಿನಷ್ಟು ಉಬ್ಬೂ ಜೀವಕ್ಕೆ ಎರವಾದೀತು. ಆದ್ದರಿಂದ "ಆಪರೇಷನ್‌ಗೆ ಎಷ್ಟು ದಿನ ಕಾಯಬಹುದು ಸಾರ್?" ಅಂದರೆ, ಯಾವ ಹರ್ನಿಯಾ ಎಂಬುದು ಮೊದಲು ತಿಳಿಯಬೇಕು.

ಗಂಡಸರ ಇಂಗ್ವೈನಲ್, ಅಂದರೆ ತೊಡೆಸಂದಿನ ಹರ್ನಿಯಾ ಸಾಮಾನ್ಯವಾಗಿ ತಾಳ್ಮೆಯದು. ಅಷ್ಟಾಗಿ ತೊಂದರೆ ಕೊಡದ ಹರ್ನಿಯಾ ಇದ್ದ 720 ಗಂಡಸರ ಮೇಲೆ ಉತ್ತರ ಅಮೆರಿಕದಲ್ಲಿ ನಡೆದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಆಪರೇಷನ್ ಮಾಡಿಸದೆ ಕಾದವರಲ್ಲಿ ಕರುಳು ಹಠಾತ್ತನೆ ಸಿಕ್ಕಿಕೊಂಡದ್ದು ವರ್ಷಕ್ಕೆ ಸಾವಿರದಲ್ಲಿ ಇಬ್ಬರಿಗಿಂತ ಕಡಿಮೆ. ಆದರೆ ಹತ್ತು ವರ್ಷ ತುಂಬುವಷ್ಟರಲ್ಲಿ ಸುಮಾರು 68% ಮಂದಿ ಆಪರೇಷನ್ ಮಾಡಿಸಿಕೊಂಡಿದ್ದರು, ಹೆಚ್ಚಿನವರು ನೋವು ತಾಳಲಾರದೆ.

ತೊಡೆಸಂದಿಗಿಂತ ತುಸು ಕೆಳಗೆ, ತೊಡೆಯ ಮೇಲ್ಭಾಗದಲ್ಲಿ ಬರುವ ಫೆಮೊರಲ್ ಹರ್ನಿಯಾದ ಕಥೆಯೇ ಬೇರೆ. ಹೆಚ್ಚಾಗಿ ವಯಸ್ಸಾದ ಹೆಂಗಸರಲ್ಲಿ ಕಾಣುತ್ತದೆ. ಆ ಕಿಂಡಿಗೆ ಮೂರು ಕಡೆ ಬಿಗಿ ಲಿಗಮೆಂಟು (ಗಟ್ಟಿ ನಾರುಪಟ್ಟಿ), ಒಂದು ಕಡೆ ಮಾತ್ರ ಫೆಮೊರಲ್ ವೇನ್, ಅಂದರೆ ಕಾಲಿನ ರಕ್ತವನ್ನು ಹೃದಯಕ್ಕೆ ಒಯ್ಯುವ ನಾಳ. ಹಿಗ್ಗಲು ಜಾಗವೇ ಇಲ್ಲ. ಕರುಳು ಸಿಕ್ಕಿಕೊಂಡಾಗ ಅದರ ತೆಳುಗೋಡೆಯ ವೇನ್‌ಗಳು ಮೊದಲು ಅದುಮಿಹೋಗುತ್ತವೆ. ರಕ್ತ ಒಳಗೆ ಬರುತ್ತಲೇ ಇರುತ್ತದೆ, ಹೊರಹೋಗಲು ದಾರಿಯಿಲ್ಲ. ಕರುಳು ಬಾತುಕೊಳ್ಳುತ್ತದೆ, ಬಾತಷ್ಟೂ ಬಿಗಿಯುತ್ತದೆ, ಕೊನೆಗೆ ರಕ್ತ ತರುವ ಆರ್ಟರಿಯೂ ಮುಚ್ಚಿ ಕಪ್ಪಿಡುತ್ತದೆ. ಬ್ರಿಟನ್ನಿನ 1991ರ ಲೆಕ್ಕದಲ್ಲಿ ಹೀಗಾಗುವ ಸಾಧ್ಯತೆ 3 ತಿಂಗಳಿಗೆ 22%, 21 ತಿಂಗಳಿಗೆ 45%. ಇದನ್ನು ಸರದಿಯ ಕೊನೆಗೆ ಹಾಕುವಂತಿಲ್ಲ. ಇನ್ನೊಂದು ಮೋಸವಿದೆ: ಕರುಳಿನ ಗೋಡೆಯ ಒಂದು ಭಾಗ ಮಾತ್ರ ಸಿಕ್ಕಿಕೊಂಡರೆ, ಅಂದರೆ ರಿಕ್ಟರ್ ಹರ್ನಿಯಾದಲ್ಲಿ, ವಾಂತಿ ಇಲ್ಲದೆ, ಮಲ ಕಟ್ಟದೆ ಕರುಳು ಕೊಳೆಯಬಹುದು. ಹೊಟ್ಟೆನೋವು ಅಂತ ಬಂದ ಅಜ್ಜಿಯ ಸೀರೆ ಸಡಿಲಿಸಿ ತೊಡೆಸಂದು ಮುಟ್ಟಿ ನೋಡದಿದ್ದರೆ ತಪ್ಪಿಹೋಗುತ್ತದೆ.

ಹಳೆಯ ಹೊಲಿಗೆಯ ಜಾಗದ ಇನ್ಸಿಷನಲ್ ಹರ್ನಿಯಾದಲ್ಲಿ ಕಾಯುವುದರ ಬೆಲೆ ನಿಧಾನವಾಗಿ ಏರುತ್ತದೆ. ಹೊಟ್ಟೆಯ ನಡುವಿನ ರೆಕ್ಟಸ್ ಸ್ನಾಯುಗಳು ಪಕ್ಕಕ್ಕೆ ಸರಿಯುತ್ತವೆ, ಕಿಂಡಿ ಅಗಲವಾಗುತ್ತದೆ, 10 ಸೆಂ.ಮೀ. ದಾಟಿದರೆ ಯುರೋಪಿನ ವರ್ಗೀಕರಣದಲ್ಲಿ ಡಬ್ಲ್ಯು3, ಅಂದರೆ ಅತಿ ಅಗಲದ ಗುಂಪು. ಕರುಳು ಹೊರಗೇ ವಾಸ ಹೂಡಿದ ಮೇಲೆ ಒಳಗಿನ ಜಾಗ ಕುಗ್ಗುತ್ತದೆ. ಒತ್ತಾಯದಿಂದ ಒಳಗೆ ತುಂಬಿದರೆ ಡಯಾಫ್ರಮ್ (ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಮೇಲೇರಿ ಉಸಿರು ಕಟ್ಟುತ್ತದೆ. ಇದಕ್ಕೆಂದೇ ಅರ್ಜೆಂಟೀನಾದ ಸರ್ಜನ್ ಗೊನ್ಯಿ ಮೊರೆನೊ 1940ರ ದಶಕದಲ್ಲಿ ಆಪರೇಷನ್‌ಗೆ ಮೊದಲು ದಿನದಿನವೂ ಹೊಟ್ಟೆಗೆ ಗಾಳಿ ತುಂಬಿ ಜಾಗ ಹಿಗ್ಗಿಸುವ ಕ್ರಮ ತಂದರು. ಈಗ ಪಕ್ಕದ ಸ್ನಾಯುಗಳನ್ನು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ನೂ ಇದೆ.

ಕಾದರೆ ತಾನೇ ವಾಸಿಯಾಗುವುದು ಎಳೆಮಕ್ಕಳ ಹೊಕ್ಕುಳ ಹರ್ನಿಯಾ. ನಾಲ್ಕೈದು ವರ್ಷದೊಳಗೆ ಬಹುಪಾಲು ಮುಚ್ಚಿಕೊಳ್ಳುತ್ತದೆ, ಹೊಕ್ಕುಳಿಗೆ ಕಟ್ಟಿದ ನಾಣ್ಯಕ್ಕೆ ಹೆಸರು ಬರುತ್ತದೆ.