ಬಿದ್ದ ದಿನದಿಂದ ಎಣಿಸಬೇಕು

ಭಾನುವಾರ ಸುತ್ತಮುತ್ತ ಎಲ್ಲಾದರೂ ಡರ್ಟ್ ರೇಸ್, ಅಂದರೆ ಮಣ್ಣಿನ ಟ್ರ್ಯಾಕಿನ ಬೈಕ್ ರೇಸ್, ನಡೆದಿದ್ದರೆ ಸೋಮವಾರ ಸಂಜೆ ನನಗೆ ಗೊತ್ತಾಗಿಬಿಡುತ್ತದೆ. ಮೈಸೂರಿನಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ಇಟ್ಟು 14 ವರ್ಷವಾಯಿತು. ಬರುವವರಲ್ಲಿ ಜಾಸ್ತಿ ಮಂದಿ ಮಂಡಿನೋವಿನ ಅಜ್ಜಿಯರು, ಕುತ್ತಿಗೆ ಹಿಡಿದುಕೊಂಡ ಸಾಫ್ಟ್‌ವೇರ್ ಹುಡುಗರು. ಅವರ ಪಕ್ಕದಲ್ಲಿ, ಬೆಂಚಿನ ತುದಿಯಲ್ಲಿ ಇವನು ಕೂತಿರುತ್ತಾನೆ. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು. ಒಂದು ಕೈಯಲ್ಲಿ ಇನ್ನೊಂದು ಕೈಯನ್ನು ಕೂಸಿನ ಹಾಗೆ ಎತ್ತಿಕೊಂಡಿರುತ್ತಾನೆ.

"ಏನಪ್ಪಾ, ಬಿದ್ಯಾ?"

"ಬಿದ್ದಿಲ್ಲ ಸಾರ್. ಸ್ವಲ್ಪ ಸ್ಲಿಪ್ ಆಯ್ತು."

ಡರ್ಟ್ ರೇಸಿನವರು ಯಾರೂ ಬೀಳುವುದಿಲ್ಲ. ಎಲ್ಲರೂ ಸ್ಲಿಪ್ ಆಗುತ್ತಾರೆ, ಅಷ್ಟೆ.

ಎರಡನೇ ಮಾತೂ ನನಗೆ ಬಾಯಿಪಾಠ. "ಮುಂದಿನ ರೇಸ್‌ಗೆ ಇನ್ನೂ 19 ದಿನ ಇದೆ ಸಾರ್. ಅಷ್ಟರಲ್ಲಿ ಸರಿ ಹೋಗುತ್ತೆ ಅಲ್ವಾ?"

ದಿನದ ಸಂಖ್ಯೆ ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಅವನು ಮುಂದಿನ ರೇಸಿನಿಂದ ಹಿಂದಕ್ಕೆ ಎಣಿಸುತ್ತಾನೆ. ಮೂಳೆ ಬಿದ್ದ ದಿನದಿಂದ ಮುಂದಕ್ಕೆ ಎಣಿಸುತ್ತದೆ. ಎರಡು ಲೆಕ್ಕವೂ ಒಂದೇ ತಾರೀಕಿಗೆ ಬಂದು ನಿಲ್ಲುವುದು ಬಹಳ ಅಪರೂಪ. ನನ್ನ ಅರ್ಧ ಕೆಲಸ ಈ ಎರಡು ಲೆಕ್ಕದ ನಡುವಿನ ಜಗಳ ಬಿಡಿಸುವುದೇ ಆಗಿಹೋಗಿದೆ.

ಇವರು ಯಾರು ಅಂತ ಮೊದಲು ಹೇಳಬೇಕು. ಇವರಿಗೆ ಕಂಪನಿ ಟೀಮ್ ಇಲ್ಲ. ಒಬ್ಬ ನಂಜನಗೂಡಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡುತ್ತಾನೆ, ಇನ್ನೊಬ್ಬನದು ಟೈರ್ ಪಂಕ್ಚರ್ ಅಂಗಡಿ, ಮತ್ತೊಬ್ಬ ಕೊಡಗಿನಲ್ಲಿ ಅಪ್ಪನ ಕಾಫಿ ತೋಟ ನೋಡಿಕೊಳ್ಳುತ್ತಾನೆ. ಬೈಕು ಹಳೆ ಆರ್‌ಎಕ್ಸ್ ಅಥವಾ ಕಂತಿನಲ್ಲಿ ತೆಗೆದ ಎಕ್ಸ್‌ಪಲ್ಸ್. ಲಗೇಜ್ ಆಟೋದಲ್ಲಿ ಹಗ್ಗ ಕಟ್ಟಿ ಮೈದಾನಕ್ಕೆ ಒಯ್ಯುತ್ತಾರೆ. ಟ್ರ್ಯಾಕಿನ ಮೇಲೆ ಇರುವುದು ಹತ್ತು ಹದಿನೈದು ನಿಮಿಷ. ಗೆದ್ದರೂ ಎಷ್ಟೋ ಸಲ ಬರುವ ದುಡ್ಡು ಟೈರಿಗೆ ಸಾಲುವುದಿಲ್ಲ. ಆ ಹತ್ತು ನಿಮಿಷಕ್ಕಾಗಿ ಉಳಿದ ದಿನಗಳನ್ನು ಹೇಗೆ ಕಳೆಯುತ್ತಾರೆ ಅನ್ನುವುದು ನಾನು ನೋಡುವ ಭಾಗ.

19 ದಿನ ಅಂದವನ ಕೈಗೇ ಬರೋಣ. ನೀವೂ ಒಮ್ಮೆ ಮಾಡಿ ನೋಡಿ. ರಸ್ತೆಯಲ್ಲಿ ಲಿಫ್ಟ್ ಕೇಳುವವರ ಹಾಗೆ ಹೆಬ್ಬೆರಳು ಎತ್ತಿ. ಅದರ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಎರಡು ಹುರಿ ಎದ್ದು ಕಾಣುತ್ತವೆ. ನಡುವೆ ಒಂದು ಪುಟ್ಟ ಗುಂಡಿ. ನಶ್ಯವನ್ನು ಅಲ್ಲಿ ಸುರಿದುಕೊಂಡು ಏರಿಸುತ್ತಿದ್ದರಂತೆ, ಹಾಗಾಗಿ ಇಂಗ್ಲಿಷಿನವರು ಅದಕ್ಕೆ ನಶ್ಯದ ಡಬ್ಬಿ ಅಂತಲೇ ಹೆಸರಿಟ್ಟಿದ್ದಾರೆ. (ನಮ್ಮ ತಾತ ಎರಡು ಬೆರಳಲ್ಲಿ ಚಿಟಿಕೆ ಹಿಡಿದೇ ಏರಿಸುತ್ತಿದ್ದರು, ಡಬ್ಬಿ ಸೊಂಟದಲ್ಲಿರುತ್ತಿತ್ತು.) ಆ ಗುಂಡಿಯ ತಳದಲ್ಲಿ ಗೋಡಂಬಿಯ ಆಕಾರದ ಒಂದು ಮೂಳೆ ಇದೆ. ಸ್ಕೇಫಾಯ್ಡ್ ಅಂತ. ಬೀಳುವಾಗ ಎಲ್ಲರೂ ಅಂಗೈ ಊರುತ್ತೇವೆ, ಪೆಟ್ಟು ನೇರ ಅಲ್ಲಿಗೇ ಹೋಗುತ್ತದೆ.

ಇದರ ಕಷ್ಟ ರಕ್ತದ್ದು. ಈ ಮೂಳೆಗೆ ರಕ್ತ ಮುಖ್ಯವಾಗಿ ಬೆರಳಿನ ಕಡೆಯಿಂದ ಒಳಬಂದು ಹಿಂದಕ್ಕೆ, ಮೊಣಕೈ ಕಡೆಗೆ ಹರಿಯುತ್ತದೆ. ಮಂಡ್ಯದ ಕಡೆಯವರಿಗೆ ಬೇಗ ಅರ್ಥವಾಗುತ್ತದೆ: ನಾಲೆಯ ಕೊನೆಯ ಗದ್ದೆ ಇದು. ನಡುವೆ ಏರಿ ಒಡೆದರೆ ಕೊನೆಯವನಿಗೆ ನೀರಿಲ್ಲ. ಹಾಗೆಯೇ ನಡುವೆ ಬಿರುಕು ಬಿಟ್ಟರೆ ಹಿಂದಿನ ತುಂಡು ಒಣಗಬಹುದು, ಕೂಡಿಕೊಳ್ಳದೆ ಉಳಿಯಬಹುದು. ಹಾಗಾದರೆ ಕೆಲವು ವರ್ಷ ಬಿಟ್ಟು ಮಣಿಕಟ್ಟಿಗೆ ಸವೆತ ಶುರುವಾಗುತ್ತದೆ.

ಮೊದಲ ದಿನದ ಎಕ್ಸ್‌ರೇಯಲ್ಲಿ ಈ ಬಿರುಕು ಕೆಲವೊಮ್ಮೆ ಕಾಣುವುದೇ ಇಲ್ಲ. ಹುಡುಗ ಫಿಲ್ಮ್ ತೋರಿಸಿ "ಏನೂ ಇಲ್ಲ ಅಂದ್ರು ಸಾರ್, ಬರೀ ಉಳುಕು" ಅನ್ನುತ್ತಾನೆ. ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ನಾನೂ ಅಂಥದ್ದೊಂದು ಫಿಲ್ಮ್ ನಂಬಿ ಒಬ್ಬನಿಗೆ ರಬ್ಬರ್ ಬ್ಯಾಂಡ್ ವ್ಯಾಯಾಮ ಕೊಟ್ಟಿದ್ದೆ. ಮೂರು ತಿಂಗಳ ಮೇಲೆ ಅವನಿಗೆ ಸ್ಕ್ರೂ ಹಾಕಿಸಬೇಕಾಯಿತು. ತಪ್ಪು ನನ್ನದೇ. ಅಂದಿನಿಂದ ಗುಂಡಿ ಒತ್ತಿದಾಗ ನೋವಿದ್ದರೆ ಎಕ್ಸ್‌ರೇ ಏನೇ ಹೇಳಲಿ, ಮೂಳೆ ಡಾಕ್ಟರ ಹತ್ತಿರ ಕಳಿಸುತ್ತೇನೆ. ಅವರು ಪಟ್ಟಿ ಹಾಕಿ 10ರಿಂದ 14 ದಿನದ ನಂತರ ಮತ್ತೆ ಫಿಲ್ಮ್ ತೆಗೆಸುತ್ತಾರೆ, ಇಲ್ಲವೇ ಎಂಆರ್‌ಐ ಮಾಡಿಸುತ್ತಾರೆ.

ಒತ್ತುವಾಗ ನಾನು ಮುಖ ನೋಡುವುದಿಲ್ಲ. ರೇಸರ್‌ಗಳು ಮುಖವನ್ನು ಕಲ್ಲು ಮಾಡಿಕೊಂಡು ಕೂರುತ್ತಾರೆ. ಚಪ್ಪಲಿ ಹೊರಗೇ ಬಿಟ್ಟು ಬಂದಿರುತ್ತಾರಲ್ಲ, ಕಾಲ್ಬೆರಳು ನೋಡುತ್ತೇನೆ. ಬಾಯಿ "ನೋವಿಲ್ಲ ಸಾರ್" ಅನ್ನುತ್ತಿರುವಾಗ ಹೆಬ್ಬೆಟ್ಟು ನೆಲ ಕಚ್ಚುತ್ತದೆ. 19 ದಿನದವನ ಹೆಬ್ಬೆಟ್ಟು ಕಚ್ಚಿತು. ಎಂಆರ್‌ಐಯಲ್ಲಿ ಕೂದಲೆಳೆಯಷ್ಟು ಬಿರುಕು ಸಿಕ್ಕಿತು. ಮೂಳೆ ಜರುಗಿರಲಿಲ್ಲ, ಅದೊಂದು ಪುಣ್ಯ. ಬಲಗೈಗೆ ಪ್ಲಾಸ್ಟರ್ ಬಿತ್ತು. ಇಂಥ ಬಿರುಕು ಕೂಡಲು ಸಾಮಾನ್ಯವಾಗಿ 8ರಿಂದ 12 ವಾರ.

"ಐಶ್ವರ್ಯಾ ಪಿಸ್ಸೆ ಅಷ್ಟೆಲ್ಲ ಪೆಟ್ಟಾದ್ರೂ ಗೆಲ್ಲಲಿಲ್ವಾ ಸಾರ್?" ಅಂದ.

ಗೆದ್ದರು. ಬೈಕ್ ರೇಸರ್ ಆದ ಬೆಂಗಳೂರಿನ ಆ ಹೆಣ್ಣುಮಗಳು 2018ರಲ್ಲಿ ಸ್ಪೇನಿನಲ್ಲಿ ಬಾಜಾ ಅನ್ನುವ, ಕಚ್ಚಾ ದಾರಿಯ ದೂರದ ರೇಸಿನಲ್ಲಿ ಬಿದ್ದು ಹೊಟ್ಟೆಯೊಳಗೆ ಮೇದೋಜ್ಜೀರಕಕ್ಕೇ ಪೆಟ್ಟು ಮಾಡಿಕೊಂಡಿದ್ದರು. 2019ರಲ್ಲಿ ಬಾಜಾ ವಿಶ್ವಕಪ್‌ನ ಮಹಿಳೆಯರ ವಿಭಾಗ ಗೆದ್ದರು. ಹುಡುಗರು ಈ ಎರಡು ಇಸವಿಯನ್ನೂ ಒಂದೇ ಉಸಿರಿಗೆ ಹೇಳುತ್ತಾರೆ. ಎರಡರ ನಡುವೆ ಎಷ್ಟು ತಿಂಗಳು ಇತ್ತು ಅನ್ನುವುದು ಯಾರ ಬಾಯಲ್ಲೂ ಬರುವುದಿಲ್ಲ.

ಬೀಳದೆ ಬರುವವರೂ ಇದ್ದಾರೆ. ಅವರ ದೂರು ಒಂದೇ. "ಮೂರನೇ ಲ್ಯಾಪಿಗೆ ಕೈ ಕಲ್ಲಾಗುತ್ತೆ ಸಾರ್, ಬ್ರೇಕ್ ಹಿಡಿಯೋಕೇ ಆಗಲ್ಲ." ಇದಕ್ಕೆ ಆರ್ಮ್ ಪಂಪ್ ಅನ್ನುತ್ತಾರೆ. ಮೊಣಕೈಯಿಂದ ಕೆಳಗಿನ ಸ್ನಾಯುಗಳನ್ನು ಒಂದು ಗಟ್ಟಿ ಪೊರೆ ಸುತ್ತಿಕೊಂಡಿರುತ್ತದೆ. ಅದು ಹೆಚ್ಚು ಹಿಗ್ಗುವುದಿಲ್ಲ. ಕೆಲಸ ಮಾಡುವ ಸ್ನಾಯು ರಕ್ತ ತುಂಬಿಕೊಂಡು ಊದುತ್ತದೆ. ಹ್ಯಾಂಡಲ್ಲನ್ನು ಬಿಗಿಹಿಡಿದೇ ಇದ್ದರೆ ಒಳಬಂದ ರಕ್ತ ವಾಪಸ್ ಹೋಗುವುದಕ್ಕೆ ದಾರಿ ಕಿರಿದಾಗುತ್ತದೆ. ಒಳಗೆ ಒತ್ತಡ ಏರುತ್ತದೆ, ಬೆರಳು ಮರಗಟ್ಟುತ್ತದೆ.

ಇದಕ್ಕೆ ಹುಡುಗರು ತಾವೇ ಕಂಡುಕೊಂಡ ಔಷಧಿ ಜಿಮ್ಮಿಗೆ ಹೋಗಿ ಮುಂಗೈ ದಪ್ಪ ಮಾಡಿಕೊಳ್ಳುವುದು. ಬಿಗಿ ಅಂಗಿಗೆ ಇನ್ನಷ್ಟು ಹೊಟ್ಟೆ ಬೆಳೆಸಿದ ಹಾಗಾಯಿತು. ನಾನು ಅವರನ್ನು ಬೈಕ್ ಸಮೇತ ಬರಹೇಳುತ್ತೇನೆ. ಸ್ಟ್ಯಾಂಡ್ ಹಾಕಿಸಿ ಫುಟ್‌ರೆಸ್ಟ್ ಮೇಲೆ ನಿಲ್ಲಿಸಿದರೆ ಎರಡೇ ನಿಮಿಷಕ್ಕೆ ಕಾರಣ ಕಾಣುತ್ತದೆ. ಮಂಡಿ ಎರಡೂ ಅಗಲವಾಗಿ ತೆರೆದಿರುತ್ತವೆ, ಮೈಭಾರವೆಲ್ಲ ಕೈಗೆ ಜೋತುಬಿದ್ದಿರುತ್ತದೆ. ಟ್ಯಾಂಕನ್ನು ಮಂಡಿಯಲ್ಲಿ ಅಪ್ಪಿ ಹಿಡಿದವನಿಗೆ ಹ್ಯಾಂಡಲ್ಲನ್ನು ಕೊರಳು ಹಿಸುಕಿದ ಹಾಗೆ ಹಿಡಿಯಬೇಕಾಗಿಲ್ಲ. ಬ್ರೇಕ್ ಲಿವರ್ ಜಾಸ್ತಿ ಮೇಲಕ್ಕಿದ್ದರೆ ನಿಂತಾಗ ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ, ಅದನ್ನು ಸ್ವಲ್ಪ ಕೆಳಗೆ ತಿರುಗಿಸುವುದು ಒಂದು ಸ್ಪ್ಯಾನರಿನ ಕೆಲಸ. ಇಷ್ಟಕ್ಕೂ ಬಗ್ಗದವರು ಕೆಲವರಿದ್ದಾರೆ. ಅವರಿಗೆ ಪೊರೆಯನ್ನು ಸೀಳಿ ಜಾಗ ಮಾಡಿಕೊಡುವ ಆಪರೇಷನ್ ಇದೆ. ನಾನು ಅದನ್ನು ಕಟ್ಟಕಡೆಗೆ ಇಡುತ್ತೇನೆ.

ಮಂಡಿಯಲ್ಲಿ ಹಿಡಿಯಬೇಕಾದರೆ ತೊಡೆಯಲ್ಲಿ ದಮ್ ಇರಬೇಕು. ಅದಕ್ಕೆ ಮೈಸೂರಿನವರಿಗೆ ದುಡ್ಡು ಖರ್ಚಿಲ್ಲ, ಚಾಮುಂಡಿ ಬೆಟ್ಟದ ಮೆಟ್ಟಿಲಿದೆ. ಎಲ್ಲರೂ ಗಡಿಯಾರ ನೋಡಿಕೊಂಡು ಹತ್ತುತ್ತಾರೆ, ಇಳಿಯುವಾಗ ಬಸ್ ಹಿಡಿಯುತ್ತಾರೆ. ರೇಸರ್‌ಗೆ ನಾನು ಹೇಳುವುದು: ಹತ್ತೋದು ಉಸಿರಿಗೆ, ಇಳಿಯೋದು ಬೈಕಿಗೆ. ಜಂಪ್ ಮಾಡಿ ನೆಲಕ್ಕೆ ಬಂದಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುತ್ತದೆ. ಒಂದೊಂದೇ ಮೆಟ್ಟಿಲು ನಿಧಾನ ಇಳಿಯುವಾಗ ಅದು ಮಾಡುವುದೂ ಇದೇ ಕೆಲಸ. ಮೊದಲ ಸಲ ಇಳಿದವರಿಗೆ ಎರಡನೇ ದಿನ ಶೌಚಕ್ಕೆ ಕೂರಲೂ ಕಷ್ಟ. ಅಂಥ ನೋವು ಒಂದರಿಂದ ಮೂರು ದಿನದೊಳಗೆ ಏರಿ, ಆಮೇಲೆ ತಾನಾಗಿ ಇಳಿಯುತ್ತದೆ, ಹೆದರಬೇಕಾಗಿಲ್ಲ. ರೇಸಿನ ವಾರದಲ್ಲಿ ಮಾತ್ರ ಬೆಟ್ಟದ ಕಡೆ ತಲೆ ಹಾಕಬೇಡಿ.

ಉಸಿರಿನ ಮಾತು ಬಂದಿದ್ದಕ್ಕೆ ಒಂದು ಸಂಗತಿ. ಬೈಕ್ ಓಡಿಸೋದಕ್ಕೆ ಏನು ಸುಸ್ತು, ಇಂಜಿನ್ ತಾನೇ ಓಡೋದು ಅಂತ ಕೇಳುವವರಿದ್ದಾರೆ. ಮೋಟೋಕ್ರಾಸ್, ಅಂದರೆ ಉಬ್ಬುತಗ್ಗಿನ ಮಣ್ಣಿನ ಟ್ರ್ಯಾಕಿನ ರೇಸ್, ನಡೆಯುವಾಗ ಸವಾರನ ಎದೆಬಡಿತ ತನ್ನ ಗರಿಷ್ಠದ ಶೇ. 90ರ ಆಸುಪಾಸಿನಲ್ಲೇ ಇರುತ್ತದೆ. ಮೈಮೇಲೆ ಜಾಕೆಟ್ಟು, ಎದೆಗೆ ಗಾರ್ಡು, ಕಾಲಿಗೆ ಬೂಟು, ಮೇಲೆ ಬಿಸಿಲು. ಒಬ್ಬನನ್ನು ಅಭ್ಯಾಸದ ಮುಂಚೆ, ಆಮೇಲೆ ತೂಕ ಮಾಡಿಸಿದೆ. ಒಂದೂವರೆ ಕಿಲೋ ಇಳಿದಿದ್ದ. ಅದು ಹೆಚ್ಚುಕಮ್ಮಿ ಒಂದೂವರೆ ಲೀಟರ್ ನೀರು.

ಈ ಒಣಗಿದ ಮೈಗೆ ನೋವಿನ ಮಾತ್ರೆ ಬೀಳುವುದು ನನ್ನನ್ನು ಹೆಚ್ಚು ಹೆದರಿಸುತ್ತದೆ. ಡೈಕ್ಲೋಫೆನಾಕ್ ಜಾತಿಯ ಮಾತ್ರೆಯನ್ನು ರೇಸಿಗೆ ಅರ್ಧ ಗಂಟೆ ಮುಂಚೆ ನುಂಗುವುದು ಇವರಲ್ಲಿ ಕಾಫಿ ಕುಡಿದಷ್ಟು ಸಲೀಸು. ನೀರು ಕಡಿಮೆಯಾದಾಗ ಕಿಡ್ನಿ ತನ್ನ ರಕ್ತದ ಓಟವನ್ನು ಉಳಿಸಿಕೊಳ್ಳಲು ಏನು ಮಾಡುತ್ತದೋ ಅದನ್ನೇ ಈ ಮಾತ್ರೆ ತಡೆಯುತ್ತದೆ. ಜೊತೆಗೆ ಇರುವ ನೋವನ್ನು ಮುಚ್ಚಿಡುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ, ಓಆರ್‌ಎಸ್ ಪ್ಯಾಕೆಟ್ಟು: ಇಷ್ಟು ಸಾಕು ನೋಡಿ. ಹೋದ ತೂಕದಷ್ಟೇ ಅಲ್ಲ, ಅದರ ಒಂದೂವರೆ ಪಾಲು ಕುಡಿಯಬೇಕು, ಸಂಜೆವರೆಗೆ ಗುಟುಕು ಗುಟುಕಾಗಿ.

ತಲೆಯ ವಿಷಯದಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ದಿನಗಟ್ಟಲೆ ಮರುಭೂಮಿಯಲ್ಲಿ ಓಡುವ ಡಕಾರ್ ರ‍್ಯಾಲಿಯನ್ನು ಮುಗಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್, 2015ರಲ್ಲಿ, 36ನೇ ಸ್ಥಾನದಲ್ಲಿ. ಅಂಥ ಅನುಭವಸ್ಥರೇ 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದಾಗ ತಲೆಗೆ ಪೆಟ್ಟಾಗಿ, ಔಷಧಿ ಕೊಟ್ಟು ಕೋಮಾದಲ್ಲಿಟ್ಟು ಚಿಕಿತ್ಸೆ ಮಾಡಬೇಕಾಯಿತು. ಪ್ರಜ್ಞೆ ತಪ್ಪಲಿಲ್ಲ ಅಂದರೆ ಏನೂ ಆಗಿಲ್ಲ ಅಂತ ಅರ್ಥವಲ್ಲ. ಬಿದ್ದವನು ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದರೆ, ಬೆಳಕು ಚುಚ್ಚುತ್ತಿದ್ದರೆ, ವಾಂತಿ ಬರುವ ಹಾಗಿದ್ದರೆ, ಆ ದಿನದ ರೇಸ್ ಮುಗಿಯಿತು. ಸೀದಾ ಆಸ್ಪತ್ರೆ. ಹೆಲ್ಮೆಟ್ಟಿನ ಒಳಗಿನ ಥರ್ಮೋಕೋಲ್ ಒಂದು ಸಲ ಅದುಮಿದರೆ ಮತ್ತೆ ಎದ್ದೇಳುವುದಿಲ್ಲ. ಮೇಲಿನ ಸ್ಟಿಕ್ಕರ್ ಹೊಳೆಯುತ್ತಿದೆ ಅಂತ ಅದನ್ನೇ ಹಾಕಿಕೊಂಡು ಹೋಗುತ್ತಾರೆ. ಹೋದ ತಿಂಗಳು ಅಂಥ ಒಂದನ್ನು ಕಿತ್ತಿಟ್ಟುಕೊಂಡಿದ್ದೇನೆ, ಕ್ಲಿನಿಕ್ಕಿನ ಕಿಟಕಿಯಲ್ಲಿ ಮನಿ ಪ್ಲಾಂಟ್ ಇಟ್ಟಿದ್ದೇನೆ ಅದರಲ್ಲಿ.

ಮನೆಯವರ ಮುಂದೆ ಇವರು ಹೇಳುವ ಸುಳ್ಳುಗಳನ್ನು ಬರೆದರೆ ಇನ್ನೊಂದು ಅಂಕಣವಾಗುತ್ತದೆ. ಫ್ಯಾಕ್ಟರಿ ಮೆಟ್ಟಿಲಲ್ಲಿ ಜಾರಿದೆ, ನಾಯಿ ಅಡ್ಡ ಬಂತು. ಅಮ್ಮನಿಗೆ ಹೇಳಿದ ಸುಳ್ಳನ್ನೇ ಆಸ್ಪತ್ರೆಯಲ್ಲೂ ಹೇಳಿದರೆ ಡಾಕ್ಟರಿಗೆ ಪೆಟ್ಟಿನ ಜೋರು ಗೊತ್ತಾಗುವುದಿಲ್ಲ. ಬೈಕಿನ ವಿಮೆ ರೇಸಿಗೆ ಅನ್ವಯಿಸುವುದಿಲ್ಲ, ಎಷ್ಟೋ ಅಪಘಾತ ವಿಮೆಗಳಲ್ಲೂ ರೇಸಿಂಗ್ ಹೊರಗೇ ಇರುತ್ತದೆ. ಪಾಲಿಸಿಯ ಸಣ್ಣ ಅಕ್ಷರಗಳನ್ನು ಬೀಳುವ ಮುಂಚೆ ಓದಿಕೊಳ್ಳಿ. ಇನ್ನು "ಫಿಟ್ ಅಂತ ಒಂದು ಸೈನ್ ಹಾಕಿಕೊಡಿ ಸಾರ್" ಅನ್ನುವವರಿಗೆ: ನನ್ನನ್ನು ಪ್ರೀತಿಯಿಂದ ಡಾಕ್ಟ್ರೇ ಅನ್ನುತ್ತೀರಿ, ಸಂತೋಷ. ಆದರೆ ಆ ಸೈನ್ ಎಂಬಿಬಿಎಸ್ ಓದಿದವರು ಹಾಕಬೇಕು, ನಾನಲ್ಲ.

19 ದಿನದವನು ಆ ರೇಸಿಗೆ ಹೋದ. ಪ್ಲಾಸ್ಟರ್ ಕೈ ಹೊತ್ತುಕೊಂಡು, ಗೆಳೆಯನ ಬೈಕ್ ತಳ್ಳುವುದಕ್ಕೆ. ಹಾಗೆ ಒಂದೊಂದೇ ವಾರ ಕಳೆಯಿತು. ಬೆಳಗ್ಗೆ ತಮ್ಮನ ಜೊತೆ ಬೆಟ್ಟದ ಮೆಟ್ಟಿಲು, ಎಡಗೈಗೆ ಕಂಬಿ. ಶಿಫ್ಟ್ ಮುಗಿಸಿ ಸಂಜೆ ಒಂದೇ ಕೈಯಲ್ಲಿ ಏರ್ ಫಿಲ್ಟರ್ ತೊಳೆದು, ಆಯಿಲ್ ಹಚ್ಚಿ, ಹಿಂಡೋಕೆ ತಮ್ಮನನ್ನು ಕರೆಯುತ್ತಿದ್ದನಂತೆ. ಹತ್ತನೇ ವಾರ ಪ್ಲಾಸ್ಟರ್ ಬಿಚ್ಚಿದಾಗ ಒಳಗಿನ ಕೈ ಬಿಳಿಚಿಕೊಂಡು, ಸಣಕಲಾಗಿ, ಬೇರೆಯವರದ್ದೇನೋ ಅನ್ನುವ ಹಾಗಿತ್ತು. ಸ್ಕ್ಯಾನಿನಲ್ಲಿ ಮೂಳೆ ಕೂಡಿತ್ತು. ಅಲ್ಲಿಂದ ನನ್ನ ಕೆಲಸ ಶುರು: ಮಣಿಕಟ್ಟು ಬಗ್ಗಿಸುವುದು, ಬಕೆಟ್ಟಿನ ನೀರಲ್ಲಿ ಬಟ್ಟೆ ಹಿಂಡುವುದು, ಸ್ಮೈಲಿ ಬಾಲ್ ಅನ್ನುವ ಮೆತ್ತನೆ ಚೆಂಡು ಅದುಮುವುದು.

ಮೊನ್ನೆ ಬಂದಿದ್ದ. ಇದು ಅವನ ಹದಿನೈದನೇ ವಾರ. ಗುಂಡಿ ಒತ್ತಿದೆ. ಕಾಲ್ಬೆರಳು ಅಲ್ಲಾಡಲಿಲ್ಲ. ಹಿಡಿತ ಅಳೆಯುವ ಮೀಟರ್ ಕೈಗೆ ಕೊಟ್ಟೆ. ಎಡಗೈ 42 ಕಿಲೋ. ಬಲಗೈ, ಹಲ್ಲು ಕಚ್ಚಿ ಒತ್ತಿದರೂ 31. ಬಲಗೈಯವರಿಗೆ ಬಲಗೈಯೇ ಸ್ವಲ್ಪ ಜಾಸ್ತಿ ಇರಬೇಕಾದದ್ದು. ಮುಂದಿನ ಬ್ರೇಕೂ ಆಕ್ಸಿಲರೇಟರೂ ಇರುವುದು ಅದೇ ಕೈಗೆ.

"ಎಂಟ್ರಿ ಫೀಸ್ ಕಟ್ಟಿಬಿಟ್ಟಿದ್ದೀನಿ ಸಾರ್."

"ಯಾವತ್ತು ರೇಸು?"

"ಇನ್ನೂ 12 ದಿನ ಇದೆ."

ಬಕೆಟ್ ತುಂಬಿಸಿ ಅವನ ಮುಂದಿಟ್ಟು, ಬಟ್ಟೆ ಬದಲಿಗೆ ಈ ಸಲ ಟವೆಲ್ ಕೊಟ್ಟೆ.