ಗಿಟಾರ್ ಆಂಪಿನ ಸ್ಪೀಕರ್ ಬದಲಿಸುವ ಮುನ್ನ: ಓಮ್ ಲೆಕ್ಕದ ಟಿಪ್ಪಣಿ

ಸ್ಪೀಕರಿನ ಹಿಂದೆ 8 ಓಮ್ ಎಂದು ಬರೆದಿದೆ. ಮಲ್ಟಿಮೀಟರ್ ಹಿಡಿದರೆ 6.4 ಬರುತ್ತದೆ. ಮೊದಲ ಸಲ ಆಂಪ್ (ಆಂಪ್ಲಿಫೈಯರ್) ಬಿಚ್ಚಿದವರಲ್ಲಿ ಹೆಚ್ಚಿನವರು ಇಲ್ಲೇ ಗಾಬರಿಯಾಗುತ್ತಾರೆ. ಗಾಬರಿ ಬೇಡ, ಸ್ಪೀಕರ್ ಸರಿಯಾಗಿಯೇ ಇದೆ. ಮೀಟರ್ ಅಳೆಯುವುದು ಒಳಗಿನ ಕಾಯಿಲ್ ತಂತಿಯ ಡಿಸಿ ರೆಸಿಸ್ಟೆನ್ಸ್ ಮಾತ್ರ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿಗೆ ಇರುವ ತಡೆ. ಗಿಟಾರ್ ಸಿಗ್ನಲ್ ಎಸಿ, ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್. ಅದಕ್ಕೆ ಸ್ಪೀಕರ್ ಒಡ್ಡುವ ಒಟ್ಟು ತಡೆಗೆ ಇಂಪೀಡೆನ್ಸ್ ಎನ್ನುತ್ತಾರೆ. 8 ಓಮಿನ ಸ್ಪೀಕರ್ ಮೀಟರಿನಲ್ಲಿ ಸುಮಾರು 6ರಿಂದ 7 ತೋರಿಸುತ್ತದೆ. 16 ಓಮಿನದು 12-13ರ ಆಸುಪಾಸು, 4 ಓಮಿನದು 3ಕ್ಕಿಂತ ತುಸು ಜಾಸ್ತಿ. ಸ್ಟಿಕ್ಕರ್ ಕಿತ್ತುಹೋದ ಹಳೇ ಸ್ಪೀಕರ್ ಸಿಕ್ಕರೆ ಇದೇ ಲೆಕ್ಕದಿಂದ ಅದರ ಓಮ್ ಹೇಳಬಹುದು. ಒಂದೇ ಷರತ್ತು: ಆಂಪಿನ ವೈರ್ ಕಳಚಿಯೇ ಅಳೆಯಬೇಕು. ವಾಲ್ವ್ ಆಂಪಿನಲ್ಲಿ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವ ಬಗೆ) ವೈರ್ ಹಾಗೇ ಬಿಟ್ಟರೆ ಟ್ರಾನ್ಸ್‌ಫಾರ್ಮರ್ ಸುತ್ತೂ ಅಳತೆಗೆ ಸೇರಿ, ಮೀಟರ್ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಮೀಟರಿಗೆ ಅದರದೇ ಬ್ಯಾಟರಿ ಇರುವುದರಿಂದ ಕರೆಂಟ್ ಹೋದಾಗಲೂ ಈ ಪರೀಕ್ಷೆ ನಡೆಯುತ್ತದೆ. ಕೊಡಗಿನ ಮಳೆಗಾಲದಲ್ಲಿ ಅದೇನು ಸಣ್ಣ ಅನುಕೂಲವಲ್ಲ.

ಮಳೆಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಮಡಿಕೇರಿ, ಭಾಗಮಂಡಲದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಲೆಯಲ್ಲಿಟ್ಟ ಆಂಪಿನ ಕೋನ್, ಅಂದರೆ ಸ್ಪೀಕರಿನಲ್ಲಿ ಅದುರಿ ಸದ್ದು ಹೊರಡಿಸುವ ಕಾಗದದ ಶಂಕು, ತೇವ ಹೀರುತ್ತದೆ. ಬೂಷ್ಟು ಹಿಡಿಯುತ್ತದೆ, ಟರ್ಮಿನಲ್ಲಿಗೆ ಕಿಲುಬು ಬರುತ್ತದೆ. ಹಾಗಂತ ಸದ್ದು ಕೆಟ್ಟ ಕೂಡಲೇ ಹೊಸ ಸ್ಪೀಕರಿಗೆ ದುಡ್ಡು ಹಾಕಬೇಡಿ. ಎರಡೂ ಕೈಯ ಬೆರಳು ಅಗಲಿಸಿ, ಕೋನನ್ನು ಎಲ್ಲ ಕಡೆ ಸಮನಾಗಿ ಮೆಲ್ಲಗೆ ಒಳಗೆ ಒತ್ತಿ ಬಿಡಿ. ಕರಕರ ಎಂದರೆ ಕಾಯಿಲ್ ಉಜ್ಜುತ್ತಿದೆ, ಬದಲಿಸಬೇಕು. ಸದ್ದಿಲ್ಲದೆ ಓಡಾಡಿದರೆ ಮೊದಲು ಟರ್ಮಿನಲ್ ಉಜ್ಜಿ ಬೆಸುಗೆ ನೋಡಿ. ಸಾಕಷ್ಟು ಸಲ ರೋಗ ಅಲ್ಲೇ ಇರುತ್ತದೆ.

ಇನ್ನು ಆ 8 ಎಂಬ ಅಂಕಿ. ಅದು ನಿಂತ ಅಂಕಿ ಅಲ್ಲ. ಗಿಟಾರಿನ ದಪ್ಪ ತಂತಿಯ ಇ ಸ್ವರ ಸುಮಾರು 82 ಹರ್ಟ್ಸ್. 12 ಇಂಚಿನ ಬಹಳಷ್ಟು ಗಿಟಾರ್ ಸ್ಪೀಕರುಗಳು ತಾವಾಗಿ ಅನುರಣಿಸುವುದೂ 75ರಿಂದ 100 ಹರ್ಟ್ಸ್ ನಡುವೆಯೇ. ಆ ಜಾಗದಲ್ಲಿ 8 ಓಮಿನ ಸ್ಪೀಕರ್ ಹತ್ತಾರು ಓಮಿಗೆ ಏರುತ್ತದೆ. ನಂತರ ಇಳಿದು, ಕೆಲವು ನೂರು ಹರ್ಟ್ಸಿನಲ್ಲಿ 8ರ ಹತ್ತಿರ ಬಂದು, ಮೇಲಿನ ಸ್ವರಗಳಿಗೆ ಮತ್ತೆ ಏರುತ್ತದೆ. ಹಿಂದೆ ಅಚ್ಚಾಗಿರುವುದು ಆ ತಗ್ಗಿನ ಅಂಕಿ. ಆಂಪಿಗೆ ಬೀಳುವ ಗರಿಷ್ಠ ಹೊರೆ ಎಷ್ಟು ಎಂದು ಹೇಳಲು ಅಷ್ಟು ಸಾಕು.

ಈಗ ಮುಖ್ಯ ಪ್ರಶ್ನೆ: ನಿಮ್ಮದು ಟ್ರಾನ್ಸಿಸ್ಟರ್ ಆಂಪೋ, ವಾಲ್ವ್ ಆಂಪೋ? ಇದಕ್ಕೆ ಉತ್ತರ ಗೊತ್ತಿಲ್ಲದೆ ಓಮ್ ಬಗ್ಗೆ ಯಾರು ಏನೇ ಸಲಹೆ ಕೊಟ್ಟರೂ ಅದು ಅರ್ಧ ಸಲಹೆ.

ಟ್ರಾನ್ಸಿಸ್ಟರ್ ಆಂಪ್ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ಕೊಡುತ್ತದೆ. 20 ವೋಲ್ಟ್ ಅಂತಿಟ್ಟುಕೊಳ್ಳಿ. 8 ಓಮಿಗೆ 2.5 ಆಂಪಿಯರ್ ಹರಿದು 50 ವಾಟ್ ಆಗುತ್ತದೆ. 16 ಓಮ್ ಹಾಕಿದರೆ 25 ವಾಟ್. ಅರ್ಧ ಹೋಯಿತು ಎಂದು ಕೊರಗಬೇಕಿಲ್ಲ, ಕಿವಿಗೆ ಅದು ಬರೀ 3 ಡೆಸಿಬಲ್ ಕಡಿಮೆ. ಆದರೆ 4 ಓಮ್ ಹಾಕಿದರೆ 5 ಆಂಪಿಯರ್, ಅಂದರೆ ಕಾಗದದ ಮೇಲೆ 100 ವಾಟ್. ಅಷ್ಟು ಕೊಡಲು ಆಂಪ್ ತಯಾರಾಗಿಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ. ಆದ್ದರಿಂದ ಇಲ್ಲಿ ಓಮ್ ಮೇಲೆ ಹೋಗಬಹುದು, ಆಂಪಿನ ಹಿಂದೆ ಬರೆದ ಕನಿಷ್ಠ ಅಂಕಿಗಿಂತ ಕೆಳಗೆ ಇಳಿಯಬಾರದು. ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಸುಲಭವಾಗಿ ಸಿಗುವುದು ಕಾರ್ ಸ್ಪೀಕರ್. ಅವು ಸಾಮಾನ್ಯವಾಗಿ 4 ಓಮ್. 8 ಓಮ್ ಕೇಳುವ ಆಂಪಿಗೆ "ಸದ್ಯಕ್ಕೆ ಇರಲಿ" ಎಂದು ಅದನ್ನು ಹಾಕಲೇಬೇಡಿ.

ವಾಲ್ವ್ ಆಂಪಿನ ಕಥೆಯೇ ಬೇರೆ. ವಾಲ್ವಿಗೂ ಸ್ಪೀಕರಿಗೂ ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂತಿರುತ್ತದೆ. ಸೈಕಲ್ ಗೇರಿನಂತೆ ಅದು ಸ್ಪೀಕರಿನ ಸಣ್ಣ ಓಮನ್ನು ವಾಲ್ವಿಗೆ ಒಗ್ಗುವ ದೊಡ್ಡ ಓಮಾಗಿ ಬದಲಿಸುತ್ತದೆ. ಸುತ್ತುಗಳ ಅನುಪಾತದ ವರ್ಗ ಎಷ್ಟೋ, ಓಮಿನ ಅನುಪಾತ ಅಷ್ಟು. 8 ಓಮಿನ ಸ್ಪೀಕರ್ ವಾಲ್ವಿಗೆ 4000 ಓಮಾಗಿ ಕಾಣುವ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ. ಓಮಿನ ಅನುಪಾತ 500, ಸುತ್ತಿನದು ಸುಮಾರು 22. ಅಲ್ಲಿ 16 ಓಮ್ ಹಾಕಿದರೆ ವಾಲ್ವ್ 8000 ಕಾಣುತ್ತದೆ, 4 ಹಾಕಿದರೆ 2000. ಕಡಿಮೆಯಾದರೆ ವಾಲ್ವಿನಲ್ಲಿ ಕರೆಂಟ್ ಜಾಸ್ತಿಯಾಗಿ ಅದು ಬೇಗ ಸವೆಯುತ್ತದೆ. ಜಾಸ್ತಿಯಾದರೆ ವೋಲ್ಟೇಜ್ ಜಿಗಿದು ಟ್ರಾನ್ಸ್‌ಫಾರ್ಮರಿಗೆ ಪೆಟ್ಟು. ಒಂದು ಮೆಟ್ಟಿಲಿನ ವ್ಯತ್ಯಾಸವನ್ನು (8ರ ಜಾಗಕ್ಕೆ 4 ಇಲ್ಲವೇ 16) ಎಷ್ಟೋ ಆಂಪುಗಳು ತಡೆದುಕೊಳ್ಳುತ್ತವೆ, ನಿಜ. ನನ್ನ ಮಟ್ಟಿಗೆ ಅದು ಬೇಡದ ಜೂಜು. ಸರಿಯಾದ ಓಮಿನದೇ ತರಿಸಿ. ಸ್ಪೀಕರನ್ನೇ ಜೋಡಿಸದೆ ವಾಲ್ವ್ ಆಂಪ್ ನುಡಿಸುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಇನ್ನೊಂದು ಮಾತು. ಸ್ಪೀಕರ್ ಬದಲಿಸಲು ಸರ್ಕ್ಯೂಟ್ ಇರುವ ತಗಡಿನ ಪೆಟ್ಟಿಗೆ ತೆರೆಯುವ ಅಗತ್ಯವೇ ಇಲ್ಲ. ಪ್ಲಗ್ ಕಿತ್ತ ಮೇಲೂ ಅಲ್ಲಿನ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.

ಮದುವೆಗೆ ಮೈಕ್ ಸೆಟ್ ಹಾಕುವವರ ಹತ್ತಿರ 12 ಇಂಚಿನ 8 ಓಮ್ ಸ್ಪೀಕರ್ ಹಳೇ ಬೆಲೆಗೆ ಸಿಗುತ್ತದೆ ಅಂತೀರಾ? ಓಮ್ ಹೊಂದುತ್ತದೆ, ಆಂಪಿಗೆ ಅಪಾಯವಿಲ್ಲ. ಸದ್ದು ಮಾತ್ರ ಬೇರೆ. ಗಿಟಾರ್ ಸ್ಪೀಕರ್ ಸುಮಾರು 5000 ಹರ್ಟ್ಸ್ ದಾಟಿದ ಮೇಲೆ ಬೇಗ ಕುಗ್ಗುತ್ತದೆ. ಡಿಸ್ಟಾರ್ಷನ್ನಿನ (ಬೇಕೆಂದೇ ಒಡೆಸಿದ ಗಿಟಾರ್ ಸದ್ದಿನ) ಕರ್ಕಶ ಭಾಗವನ್ನು ನುಂಗುವುದು ಅದೇ. ಮೈಕ್ ಸೆಟ್ಟಿನ ಸ್ಪೀಕರ್ ಅದಕ್ಕೂ ಮೇಲೆ ನುಡಿಯುವುದರಿಂದ ಕಿವಿಗೆ ಜುಯ್ ಎನ್ನುವ ಸದ್ದು ಬಡಿಯುತ್ತದೆ.

ವಾಟ್ ವಿಷಯ ಸುಲಭ: ಸ್ಪೀಕರಿನದು ಆಂಪಿನದಕ್ಕಿಂತ ಜಾಸ್ತಿ ಇರಲಿ. ಜೋರು ನಿರ್ಧಾರವಾಗುವುದು ಸೆನ್ಸಿಟಿವಿಟಿಯಿಂದ, ಅಂದರೆ ಅಷ್ಟೇ ವಾಟಿಗೆ ಸ್ಪೀಕರ್ ಎಷ್ಟು ಡೆಸಿಬಲ್ ಸದ್ದು ಕೊಡುತ್ತದೆ ಎಂಬುದರಿಂದ. ಸೆಲೆಸ್ಟಿಯನ್ ಕಂಪನಿಯ ಗ್ರೀನ್‌ಬ್ಯಾಕ್ 25 ವಾಟ್, 98 ಡೆಸಿಬಲ್. ಅವರದೇ ವಿಂಟೇಜ್ 30 ಎಂಬುದು 60 ವಾಟ್, 100 ಡೆಸಿಬಲ್. ಹೆಸರಿನ 30 ನೋಡಿ ವಾಟ್ ಅಂದುಕೊಳ್ಳಬೇಡಿ, ಸುಮ್ನೆ ಹೆಸರು. 3 ಡೆಸಿಬಲ್ ಹೆಚ್ಚು ಸಿಕ್ಕರೆ ಆಂಪಿನ ವಾಟ್ ಎರಡು ಪಟ್ಟಾದಷ್ಟೇ ಲಾಭ.

ಎರಡು ಸ್ಪೀಕರಿನ ಆಂಪಾದರೆ ಜೋಡಣೆ ನೋಡಿಕೊಳ್ಳಿ. ಎರಡು 8 ಸರಣಿಯಲ್ಲಿ 16, ಸಮಾಂತರದಲ್ಲಿ 4. ಫೆಂಡರ್ ಕಂಪನಿಯ ಟ್ವಿನ್ ರಿವರ್ಬ್ ಆಂಪ್ 4 ಓಮ್ ಕೇಳುವುದು ಈ ಸಮಾಂತರ ಜೋಡಿಗಾಗಿಯೇ. ಒಂದು 8, ಒಂದು 16 ಸಮಾಂತರ ಹಾಕಿದರೆ ಒಟ್ಟು 5.3 ಓಮ್ ಆಗಿ, 8 ಓಮಿನದಕ್ಕೆ 16 ಓಮಿನದರ ಎರಡು ಪಟ್ಟು ವಾಟ್ ಬೀಳುತ್ತದೆ. ಎರಡೂ ಒಂದೇ ಓಮಿನವಿರಲಿ.

ಕೊನೆಗೆ ಪ್ಲಸ್ ಮೈನಸ್. 1.5 ವೋಲ್ಟಿನ ಬ್ಯಾಟರಿಯನ್ನು ಟರ್ಮಿನಲ್ಲಿಗೆ ಒಂದು ಕ್ಷಣ ತಾಗಿಸಿ. ಕೋನ್ ಮುಂದಕ್ಕೆ ಬಂದರೆ ಬ್ಯಾಟರಿಯ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. ಒಂದೇ ಸ್ಪೀಕರಿದ್ದರೆ ಅದಲು ಬದಲಾದರೂ ನಷ್ಟವಿಲ್ಲ. ಎರಡಿದ್ದು ಒಂದು ಮುಂದೆ ಬರುವಾಗ ಇನ್ನೊಂದು ಹಿಂದೆ ಹೋದರೆ ದಪ್ಪ ಸ್ವರಗಳು ಸೊರಗುತ್ತವೆ. ಆಗ ಯಾವುದಾದರೂ ಒಂದರ ಎರಡು ವೈರ್ ಅದಲು ಬದಲು ಮಾಡಿದರೆ ಸಾಕು.