ಕೊರೊನಾದ ಹಿಟ್ ಹಾಡು: ಮುಖ ಒಬ್ಬರದು, ದನಿ ಇನ್ನೊಬ್ಬರದು

‘ದಿ ರಿದಮ್ ಆಫ್ ದ ನೈಟ್’ ಅಂದರೆ ಗೊತ್ತಾಗದವರೂ ಅದರ ಪಲ್ಲವಿ ಕೇಳಿದರೆ ‘ಓ, ಇದಾ!’ ಅಂತಾರೆ. 1993ರ ಕೊನೆಯಲ್ಲಿ ಇಟಲಿಯಲ್ಲಿ ಬಿಡುಗಡೆಯಾದ ಸಿಂಗಲ್, ಅಂದರೆ ಬಿಡಿಯಾಗಿ ಹೊರತಂದ ಹಾಡು, ಇದು. ತಂಡದ ಹೆಸರು ಕೊರೊನಾ. ವೈರಸ್ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು. ಇಟಲಿಯಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿತ್ತು. ಮರುವರ್ಷ ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೇರಿತು. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 11ನೇ ಸ್ಥಾನದವರೆಗೆ ಹೋಯಿತು. ವಿಡಿಯೊದಲ್ಲಿ ಕಾಣುವವರು ಬ್ರೆಜಿಲ್ ಮೂಲದ ಓಲ್ಗಾ ಸೋಜಾ. ಆದರೆ ಕಿವಿಗೆ ಬೀಳುವ ದನಿ ಅವರದಲ್ಲ. ಹಾಡಿದವರು ಜೆನಿ ಬಿ ಎಂಬ ಹೆಸರಿನ ಇಟಲಿಯ ಗಾಯಕಿ, ಜೊವಾನ್ನಾ ಬೆರ್ಸೋಲಾ.

ಹೀಗೇಕೆ? ಈ ಹಾಡಿನ ಪ್ರಕಾರವಾದ ಯೂರೋಡಾನ್ಸ್, ಅಂದರೆ ಯುರೋಪಿನ ಡಿಸ್ಕೊ-ಕ್ಲಬ್‌ಗಳ ಕುಣಿತದ ಸಂಗೀತ, ಹುಟ್ಟಿದ್ದೇ ಸ್ಟುಡಿಯೊದಲ್ಲಿ. ನಾಲ್ಕು ಜನ ಸೇರಿ ತಂಡ ಕಟ್ಟಿ, ಊರೂರು ತಿರುಗಿ, ಆಮೇಲೆ ರೆಕಾರ್ಡ್ ಮಾಡುವ ದಾರಿ ಇಲ್ಲಿಲ್ಲ. ನಿರ್ಮಾಪಕನ ಹತ್ತಿರ ಕೀಬೋರ್ಡ್, ಡ್ರಮ್ ಮೆಷಿನ್, ಸ್ಯಾಂಪ್ಲರ್ (ದನಿಯ ತುಣುಕುಗಳನ್ನು ಹಿಡಿದು ಮತ್ತೆ ನುಡಿಸುವ ಯಂತ್ರ) ಇದ್ದರೆ ಹಾಡಿನ ಮುಕ್ಕಾಲು ಪಾಲು ಸಿದ್ಧ. ಬೇಕಾಗಿರುವುದು ಎದೆ ತುಂಬಿ ಹಾಡುವ ಒಂದು ಹೆಣ್ಣುದನಿ. ಗಾಯಕಿಯನ್ನು ಕರೆಸಿ, ಹಾಡಿಸಿ, ಒಂದು ಮೊತ್ತ ಕೊಟ್ಟು ಕಳಿಸಿಬಿಡಬಹುದು. ಹಾಡು ಓಡತೊಡಗಿದರೆ ಟಿವಿಗೆ, ಕ್ಲಬ್‌ಗಳಿಗೆ ಒಂದು ಮುಖ ಬೇಕಾಗುತ್ತದೆ. ಆಗ ಚೆನ್ನಾಗಿ ಕುಣಿಯುವವರನ್ನೋ ಮಾಡೆಲ್‌ಗಳನ್ನೋ ತರುತ್ತಿದ್ದರು. ಕೊರೊನಾದ ಹಿಂದಿದ್ದ ಫ್ರಾಂಚೆಸ್ಕೊ ಬೊಂಟೆಂಪಿ ಕೂಡ ಇಂಥ ನಿರ್ಮಾಪಕರೇ.

ಈ ಪದ್ಧತಿ ಹೊಸದೂ ಅಲ್ಲ. ನಮ್ಮಲ್ಲೂ ಮನೆಮಾತಾಗಿದ್ದ ಬೋನಿ ಎಂ ತಂಡ ಗೊತ್ತಲ್ವಾ? ಅಲ್ಲಿ ವೇದಿಕೆ ತುಂಬ ಕುಣಿಯುತ್ತಿದ್ದ ಬಾಬಿ ಫ್ಯಾರೆಲ್ ಅವರ ಗಂಡುದನಿ ರೆಕಾರ್ಡಿನಲ್ಲಿ ನಿರ್ಮಾಪಕ ಫ್ರಾಂಕ್ ಫಾರಿಯನ್ ಅವರದು. ಅದೇ ಫಾರಿಯನ್ ಮುಂದೆ ಮಿಲಿ ವನಿಲಿ ಎಂಬ ಜೋಡಿಯನ್ನು ತಂದರು. ಇಬ್ಬರೂ ಹಾಡಿಯೇ ಇಲ್ಲ ಅಂತ ಹೊರಬಿದ್ದಾಗ, 1990ರ ನವೆಂಬರ್‌ನಲ್ಲಿ, ಅವರ ಗ್ರ್ಯಾಮಿ ಪ್ರಶಸ್ತಿಯನ್ನೇ ಹಿಂದಕ್ಕೆ ಪಡೆಯಲಾಯಿತು.

ಅದಕ್ಕೂ ಒಂದು ವರ್ಷ ಮೊದಲು ಇಟಲಿಯ ಬ್ಲ್ಯಾಕ್ ಬಾಕ್ಸ್ ತಂಡದ ‘ರೈಡ್ ಆನ್ ಟೈಮ್’ ಬ್ರಿಟನ್ನಿನಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಆ ವರ್ಷ ಅಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾರಾಟವಾದ ಸಿಂಗಲ್ ಅದು. ಟಿವಿಯಲ್ಲಿ ಮಾಡೆಲ್ ಕ್ಯಾಟ್ರಿನ್ ಕಿನೋಲ್ ತುಟಿ ಆಡಿಸುತ್ತಿದ್ದರು. ದನಿ ಮಾತ್ರ ಷಿಕಾಗೊದ ಲೊಲೀಟಾ ಹಾಲೊವೇ ಅವರದು. 1980ರಲ್ಲಿ ಅವರು ಹಾಡಿದ್ದ ‘ಲವ್ ಸೆನ್ಸೇಷನ್’ ಹಾಡಿನ ತುಣುಕುಗಳನ್ನು ಕತ್ತರಿಸಿ ಅಂಟಿಸಿದ್ದರು. ಒಬ್ಬ ಹೆಂಗಸು ಉಸಿರು ಬಿಗಿಹಿಡಿದು ತಾರಸ್ಥಾಯಿಯಲ್ಲಿ ಕೂಗಿದ ಆ ಕ್ಷಣವೇ ಹಾಡಿನ ಜೀವ. ಆಕೆಯನ್ನು ಮರೆಮಾಡಿ ಅದನ್ನು ಮಾರಿದ್ದು ನನ್ನ ಪ್ರಕಾರ ಶುದ್ಧ ಅನ್ಯಾಯ.

ಇದನ್ನು ಕೋರ್ಟಿಗೆ ಎಳೆದವರಲ್ಲಿ ಮುಖ್ಯರು ಅಮೆರಿಕದ ಮಾರ್ಥಾ ವಾಷ್. ಬ್ಲ್ಯಾಕ್ ಬಾಕ್ಸ್‌ನ ಆಲ್ಬಂನ ಹಲವು ಹಾಡುಗಳಿಗೆ ದನಿ ಕೊಟ್ಟವರು ಅವರು. ಮುಖ ಮತ್ತೆ ಕಿನೋಲ್ ಅವರದು. 1991ರಲ್ಲಿ ಹಾಟ್ 100ರ ತುದಿ ಮುಟ್ಟಿದ ಸಿ ಪ್ಲಸ್ ಸಿ ಮ್ಯೂಸಿಕ್ ಫ್ಯಾಕ್ಟರಿಯ ‘ಗೊನ್ನಾ ಮೇಕ್ ಯು ಸ್ವೆಟ್’ ಹಾಡಿನ ಪಲ್ಲವಿಯೂ ಅವರದೇ. ವಿಡಿಯೊದಲ್ಲಿ ಅದಕ್ಕೆ ತುಟಿ ಆಡಿಸಿದವರು ಇನ್ನೊಬ್ಬರು. ದಪ್ಪ ಮೈಕಟ್ಟಿನ ಮಾರ್ಥಾ ಕಂಪನಿಗಳಿಗೆ ಕಣ್ಣಿಗೆ ಬೇಡವಾಗಿದ್ದರು, ಕಿವಿಗೆ ಬೇಕಾಗಿದ್ದರು. ಅವರು ಸುಮ್ನೆ ಕೂರಲಿಲ್ಲ. ದಾವೆ ಹೂಡಿದರು, ಕಂಪನಿಗಳು ರಾಜಿಗೆ ಬಂದವು. ಹಾಡಿದವರ ಹೆಸರನ್ನು ಸರಿಯಾಗಿ ನಮೂದಿಸಬೇಕು ಅನ್ನುವ ಒತ್ತಡ ಸಂಗೀತ ಉದ್ಯಮದ ಮೇಲೆ ಬಿದ್ದದ್ದು ಈ ಹೋರಾಟದಿಂದ.

ಹಿನ್ನೆಲೆ ಗಾಯನ ಕೇಳಿ ಬೆಳೆದ ನಮಗೆ ಇದರಲ್ಲೇನು ತಪ್ಪು ಅನ್ನಿಸಬಹುದು. ರಾಜ್‌ಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ಹಾಡಲಿಲ್ವಾ? ಹಾಡಿದರು, ಆದರೆ ಅದು ಊರಿಗೆಲ್ಲ ಗೊತ್ತಿತ್ತು. ಟೈಟಲ್ ಕಾರ್ಡಿನಲ್ಲಿ, ರೇಡಿಯೊದಲ್ಲಿ ಅವರ ಹೆಸರು ಬರುತ್ತಿತ್ತು. ಯೂರೋಡಾನ್ಸ್‌ನಲ್ಲಿ ಇಲ್ಲವಾಗಿದ್ದು ಆ ಹೆಸರು.

ಇಷ್ಟೆಲ್ಲ ರಾದ್ಧಾಂತ ಆದ ಮೇಲೂ ಕೊರೊನಾ ಅದೇ ಹಳೆಯ ದಾರಿ ಹಿಡಿಯಿತು. ಇಟಲಿಯಲ್ಲಿ ಗೆದ್ದ ಹಾಡು ಬ್ರಿಟನ್ ತಲುಪಲು 1994ರ ಸೆಪ್ಟೆಂಬರ್ ಆಗಬೇಕಾಯಿತು. ಬೇಸಿಗೆ ರಜೆಗೆ ಸ್ಪೇನ್ ಕಡೆ ಹೋದ ಬ್ರಿಟಿಷರು ಅಲ್ಲಿನ ಡಿಸ್ಕೊಗಳಲ್ಲಿ ಕೇಳಿದ ಹಾಡುಗಳನ್ನು ಊರಿಗೆ ಬಂದು ಅಂಗಡಿಗಳಲ್ಲಿ ಹುಡುಕುತ್ತಿದ್ದ ಕಾಲ ಅದು. ಆ ಅಲೆಯಲ್ಲೇ ವಿಗ್‌ಫೀಲ್ಡ್‌ನ ‘ಸ್ಯಾಟರ್ಡೇ ನೈಟ್’ ನೇರವಾಗಿ ಮೊದಲ ಸ್ಥಾನಕ್ಕೆ ಬಂದು ಕೂತಿತ್ತು. ಅದೂ ಇಟಲಿಯಲ್ಲೇ ತಯಾರಾದದ್ದು. ಕೊರೊನಾ ಅದನ್ನು ದಾಟಲಾಗಲಿಲ್ಲ.

ಓಲ್ಗಾ ಅವರನ್ನು ದೂರುವುದು ಸರಿಯಲ್ಲ. ಊರೂರು ಸುತ್ತಿ, ವೇದಿಕೆ ಮೇಲೆ ಕುಣಿದು ಹಾಡನ್ನು ಜನರ ಮುಂದೆ ಇಟ್ಟವರು ಅವರು. ಯಾರು ಮುಂದೆ, ಯಾರು ಹಿಂದೆ ಅಂತ ತೀರ್ಮಾನಿಸಿದವರು ಬೇರೆ. ಕೊರೊನಾದ ಮುಂದಿನ ಹಾಡುಗಳಿಗೆ ದನಿ ಕೊಟ್ಟವರು ಸ್ಯಾಂಡಿ ಚೇಂಬರ್ಸ್. ಆಗಲೂ ಪರದೆಯ ಮೇಲೆ ಓಲ್ಗಾ ಅವರೇ. ಜೆನಿ ಬಿ 2000ದಲ್ಲಿ ಇಟಲಿಯ ಹೆಸರಾಂತ ಹಾಡಿನ ಸ್ಪರ್ಧೆಯಾದ ಸಾನ್‌ರೆಮೊ ಉತ್ಸವದ ಹೊಸಬರ ವಿಭಾಗದಲ್ಲಿ ಗೆದ್ದರು, ತಮ್ಮದೇ ಮುಖ, ತಮ್ಮದೇ ಹೆಸರಿನಲ್ಲಿ.

ಹಾಡಿನ ಓಟ ಇನ್ನೂ ನಿಂತಿಲ್ಲ. 2013ರಲ್ಲಿ ಬ್ಯಾಸ್ಟಿಲ್ ತಂಡ ಇದೇ ಪಲ್ಲವಿ ಹಿಡಿದು ಬ್ರಿಟನ್ನಿನಲ್ಲಿ ಮತ್ತೆ ಎರಡನೇ ಸ್ಥಾನಕ್ಕೆ ಬಂತು. 2019ರಲ್ಲಿ ಬ್ಲ್ಯಾಕ್ ಐಡ್ ಪೀಸ್ ಮತ್ತು ಜೆ ಬಾಲ್ವಿನ್ ‘ರಿತ್ಮೊ’ದಲ್ಲಿ ಬಳಸಿದರು. ಅದರ ರಚನೆಕಾರರ ಪಟ್ಟಿಯಲ್ಲಿ ಬೊಂಟೆಂಪಿ ಇದ್ದಾರೆ, ಮೂಲ ಹಾಡು ಬರೆದ ಉಳಿದವರೂ ಇದ್ದಾರೆ. ಜೆನಿ ಬಿ ಹಾಡಿದವರು, ಬರೆದವರಲ್ಲ. ಆ ಪಟ್ಟಿಯಲ್ಲಿ ಅವರ ಹೆಸರಿಲ್ಲ.